ಏನೂ ಕಡಿಮೆಯಿಲ್ಲದ ಶಾಲೆ

ಮೂರು ಲೋಕ ಹುಡುಕಿದರೂ ನನ್ನಂಥ ಬಡಗಿ ಇನ್ನೊಬ್ಬ ಸಿಗುವುದಿಲ್ಲ. ನಾನು ಉಳಿ ಕೈಗೆತ್ತಿಕೊಂಡರೆ ಮರ ತಾನೇ ಬಂದು ಎದುರಿಗೆ ಮಲಗುತ್ತದೆ. ಇಂಥ ನಾನು ಒಂದು ಬೆಳಿಗ್ಗೆ ಒಂದೇ ಒಂದು ಮಾತಿನಿಂದ ನಮ್ಮಕ್ಕನ ಶಾಲೆಯನ್ನು ಮುಚ್ಚಿಸುವುದರಲ್ಲಿದ್ದೆ.

ಅದು ನಮ್ಮ ಜನರ ಶಾಲೆ. ಈ ನೆಲದ ಮೂಲನಿವಾಸಿಗಳಾದ ನಾವೇ ಕಟ್ಟಿ, ನಮ್ಮ ಭಾಷೆಯಲ್ಲೇ ಕಲಿಸುವ ಶಾಲೆ; ಅಕ್ಕ ಅದರ ಮುಖ್ಯೋಪಾಧ್ಯಾಯಿನಿ. ಇಂಥ ಶಾಲೆಗಳಿಗೆ ಏನೇನು ಬೇಕೆಂದು ಸಮುದಾಯದವರ ಬಾಯಿಂದಲೇ ಕೇಳಿ ಬರೆದುಕೊಳ್ಳಲು ಇಲಾಖೆಯ ಅಧಿಕಾರಿಯೊಬ್ಬರು ಬಂದಿದ್ದರು. ಬೇಕು ಎಂದು ದಾಖಲಾದರೆ ಅನುದಾನ. ಏನೂ ಬೇಡವೆಂದಾದರೆ ಈಗ ಬರುತ್ತಿರುವುದೂ ಈ ವರ್ಷಕ್ಕೇ ಕೊನೆ. ಮಕ್ಕಳೆಲ್ಲ ಪೇಟೆಯ ಶಾಲೆಗೆ, ಬೇರೆಯವರ ಭಾಷೆಗೆ. ಹಿಂದಿನ ದಿನವೇ ಅಕ್ಕ ಮನೆಮನೆ ತಿರುಗಿ, "ನಾಳೆ ನಾಚಿಕೆ ಬಿಟ್ಟು ಕೇಳಿ" ಎಂದು ಕೈಮುಗಿದಿದ್ದಳು. ಎಲ್ಲರೂ ತಲೆಯಾಡಿಸಿದ್ದೆವು. ತಲೆಯಾಡಿಸುವುದರಲ್ಲಿ ನಮ್ಮನ್ನು ಮೀರಿಸುವವರು ಭೂಮಿಯ ಮೇಲಿಲ್ಲ.

ಆದರೆ ನಮ್ಮವರಿಗೊಂದು ಚಾಳಿ. ಬಂದವರ ಮುಂದೆ ಮನೆಯ ಕೊರತೆ ಹೇಳುವುದಿಲ್ಲ. ಪ್ರಾಣ ಹೋಗುತ್ತಿದ್ದರೂ, "ಏನಿಲ್ಲ, ಉಸಿರು ಸ್ವಲ್ಪ ಹಿಂದೆಮುಂದೆ" ಅನ್ನುವ ಪೈಕಿ.

ಶಾಲೆಯ ಕೋಣೆಯಲ್ಲೇ ಸಭೆ. ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಅಧಿಕಾರಿ ಹನ್ನೆರಡಕ್ಕೆ ಹೊರಡಬೇಕಿತ್ತು.

"ಬೆಂಚು, ಮೇಜುಗಳಿಂದ ಶುರು ಮಾಡೋಣ. ಏನು ಕಡಿಮೆ ಇದೆ?"

ಎಲ್ಲರೂ ನನ್ನತ್ತ ತಿರುಗಿದರು. ಅಷ್ಟು ಕಣ್ಣುಗಳು ಒಟ್ಟಿಗೆ ಬಿದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಬೆಂಚಾ ಮೇಡಂ? ರಾಜರು ಬಂದು ಕೂತರೂ ಎದ್ದು ಹೋಗೋಕೆ ಮನಸ್ಸು ಬರಲ್ಲ!"

ಅವರು ಬರೆದರು: ಕೊರತೆ ಇಲ್ಲ.

ಪಕ್ಕದಲ್ಲಿದ್ದ ದರ್ಜಿ ಅತ್ತೆ ಹಿಂದೆ ಬೀಳುವವಳೇ? "ಕಟ್ಟಡಾನೂ ಹಾಗೇ ಮೇಡಂ, ಗಾಳಿ ಬೆಳಕು ಧಾರಾಳ" ಎಂದಳು. ಕಿಟಕಿಗೆ ಬಾಗಿಲೇ ಇಲ್ಲದಿದ್ದರೆ ಧಾರಾಳವಾಗದೆ ಏನು! ಶಾಲಾ ಸಮಿತಿಯ ಅಧ್ಯಕ್ಷರಾದ ನಮ್ಮ ದೊಡ್ಡಪ್ಪ ಊರುಗೋಲಿನ ಮೇಲೆ ಗದ್ದವಿಟ್ಟು, "ಪುಸ್ತಕ ಗಿಸ್ತಕ ಎಲ್ಲಾ ಇದೆಯಮ್ಮ. ನಮ್ಮ ಹುಡುಗಿ ನೋಡ್ಕೋತಾಳೆ" ಎಂದರು.

ನಮ್ಮ ಹುಡುಗಿ, ಅಂದರೆ ಅಕ್ಕ, ಬಾಗಿಲಲ್ಲಿ ನಿಂತಿದ್ದಳು. ಶಾಲೆಯಲ್ಲಿ ಕೆಲಸ ಮಾಡುವವರು ಈ ಸಭೆಯಲ್ಲಿ ಮಾತಾಡುವಂತಿಲ್ಲ, ಅದು ನಿಯಮ. ಅವಳ ಮುಷ್ಟಿಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿ ಬೆರಳ ಸಂದಿಯಿಂದ ಉದುರುತ್ತಿತ್ತು. ಅವಳು ನನ್ನನ್ನು ನೋಡಿದಳು. ಆ ನೋಟ ತಗುಲಿದ್ದರೆ ಹಸಿಮರವೂ ಧಗ್ಗನೆ ಹೊತ್ತಿಕೊಳ್ಳುತ್ತಿತ್ತು.

ಮೇಡಂ ಕಡತ ಮಡಚತೊಡಗಿದರು.

"ಮೇಡಂ, ಒಂದ್ಸಲ ಎದ್ದು ಸುತ್ತ ನೋಡಿ" ಎಂದೆ.

"ನೋಡಿದ್ದನ್ನ ಬರೆಯೋ ಹಾಗಿಲ್ಲಪ್ಪ. ನಾನು ಕೂತಿರೋ ಬೆಂಚು ಆಗಿಂದ ತೂಗ್ತಾ ಇದೆ, ನಂಗೂ ಗೊತ್ತಾಗತ್ತೆ. ಆದ್ರೆ ನೀವು ಬಾಯಿಬಿಟ್ಟು ಹೇಳಿದ್ದು ಮಾತ್ರ ದಾಖಲೆ."

"ಹಾಗಾದ್ರೆ ಬರ್ಕೊಳ್ಳಿ! ನಮ್ಮ ಚಾವಣಿ ಸೋರೋ ಹಾಗೆ ಪ್ರಪಂಚದಲ್ಲಿ ಯಾವ ಚಾವಣಿನೂ ಸೋರಲ್ಲ. ಮಳೆಗಾಲದಲ್ಲಿ ಮೀನುಗಳೂ ಬಂದು ಹಾಜರಿ ಹಾಕಿಸ್ತಾವೆ."

ಎಲ್ಲರೂ ನಕ್ಕರು. ಮೇಡಂ ಪೆನ್ನು ಕೆಳಗಿಟ್ಟರು. "ತಮಾಷೆ ಬರೆಯೋಕೆ ಕಾಲಂ ಇಲ್ಲ. ಇದ್ದಿದ್ದು ಇದ್ದ ಹಾಗೆ ಹೇಳ್ತೀರಾ, ನಾನು ಹೊರಡಲಾ?"

ಇದ್ದದ್ದನ್ನು ಇದ್ದ ಹಾಗೆ ಹೇಳಿ ನನಗೆ ಅಭ್ಯಾಸವೇ ಇಲ್ಲ.

"ಬೆಂಚುಗಳು... ಹಣ್ಣಿನ ಪೆಟ್ಟಿಗೆ ಒಡೆದು ಮಾಡಿದ್ದೀನಿ. ಮರ ಇರಲಿಲ್ಲ. ಮೊಳೆ ಎದ್ದು ಆರು ಮಕ್ಕಳಿಗೆ ಗಾಯ ಆಗಿದೆ. ಒಂದು ಮಗುವಿಗೆ ಹೊಲಿಗೆ ಬಿತ್ತು. ಅದು ನನ್ನ ಮಗಳು."

ಮೇಡಂ ಮತ್ತೆ ಪೆನ್ನು ಎತ್ತಿಕೊಂಡರು.

"ನಲವತ್ತೊಂದು ಮಕ್ಕಳು, ಮೂರು ತರಗತಿ, ಒಂದೇ ಕೋಣೆ. ನಮ್ಮ ಭಾಷೇಲಿ ಅಚ್ಚಾದ ಪುಸ್ತಕ ಇಲ್ಲ. ಅಕ್ಕ ಕೈಯಲ್ಲೇ ಬರೆದು ಕೊಡ್ತಾಳೆ. ಮಗುವಿಗೊಂದರಂತೆ ನಲವತ್ತೊಂದು ಪ್ರತಿ."

ದೊಡ್ಡಪ್ಪನ ಊರುಗೋಲು ನೆಲಕ್ಕೆ ಬಡಿಯಿತು. "ಮುಚ್ಚೋ ಬಾಯಿ! ಮನೆಗೆ ಬಂದವರ ಮುಂದೆ ಮಾನ ಹರಾಜು ಹಾಕ್ತೀಯಾ?"

ಮೇಡಂ ಬರೆದು ಮುಗಿಸಿ ಹಾಳೆಯನ್ನು ಅವರ ಮುಂದೆ ಸರಿಸಿದರು. "ಅಧ್ಯಕ್ಷರ ಸಹಿ ಇಲ್ಲದಿದ್ರೆ ಇದು ನಿಲ್ಲಲ್ಲ ಯಜಮಾನರೇ. ಇವರು ಹೇಳಿದ್ದು ಸುಳ್ಳಾ?"

ಹನ್ನೆರಡಕ್ಕೆ ಐದು ನಿಮಿಷವಿತ್ತು. ದೊಡ್ಡಪ್ಪ ಹಾಳೆ ಮುಟ್ಟಲಿಲ್ಲ. ಗಡಿಯಾರದ ಮುಳ್ಳು ಸರಿಯುವ ಸದ್ದು ನನ್ನ ಕಿವಿಗೆ ಬಂಡೆ ಒಡೆದಂತೆ ಕೇಳುತ್ತಿತ್ತು.

"ಇವನು ತೊಟ್ಟಿಲಲ್ಲಿದ್ದಾಗಿಂದ ಒಂದಕ್ಕೆ ಹತ್ತು ಸೇರಿಸಿ ಹೇಳೋನು" ಎಂದರು ದೊಡ್ಡಪ್ಪ ಕೊನೆಗೆ.

ಮುಗಿಯಿತು ಅಂದುಕೊಂಡೆ. ಮೇಡಂ ಹಾಳೆಯನ್ನು ಹಿಂದಕ್ಕೆಳೆದುಕೊಳ್ಳಲು ಕೈಚಾಚಿದರು. ದೊಡ್ಡಪ್ಪ ಅದರ ಮೇಲೆ ಅಂಗೈ ಊರಿದರು.

"ಇವತ್ತು ಕಡಿಮೆ ಹೇಳಿದ್ದಾನೆ. ಬರ್ಕೊಳ್ಳಮ್ಮ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ. ಹಳೇ ಚಾದರ ಕಟ್ಟಿದೀವಿ. ಗಾಳಿ ಬಂದ್ರೆ ಹಾರತ್ತೆ. ನನ್ನ ಮೊಮ್ಮಗಳು ಅದಕ್ಕೇ ಶಾಲೆ ಬಿಟ್ಟಳು. ಮನೆಗೆಲಸಕ್ಕೆ ಬೇಕು ಅಂತ ನಾನು ಎಲ್ಲರ ಹತ್ರ ಸುಳ್ಳು ಹೇಳಿದೆ."

ದರ್ಜಿ ಅತ್ತೆ ಮೆಲ್ಲಗೆ, "ಕಿಟಕಿಗಳಿಗೂ ಬಾಗಿಲಿಲ್ಲ, ಮೇಡಂ" ಎಂದಳು. ಹಿಂದಿನ ಸಾಲಿನಿಂದ ಇನ್ನೊಬ್ಬರು ಕುಡಿಯುವ ನೀರಿನ ಮಾತೆತ್ತಿದರು. ಮೇಡಂ ಗಡಿಯಾರದತ್ತ ತಲೆಯೆತ್ತದೆ ಇನ್ನೆರಡು ಹಾಳೆ ತುಂಬಿಸಿದರು. ದೊಡ್ಡಪ್ಪ ಮೂರಕ್ಕೂ ಸಹಿ ಹಾಕಿದರು. ಕಡತದ ಮೇಲೆ 'ಅನುದಾನ ತುರ್ತು ಅಗತ್ಯ' ಎಂದು ಬರೆದುಕೊಂಡು ಮೇಡಂ ಹೊರಟಾಗ ಹನ್ನೆರಡೂವರೆ.

ಜನ ಚದುರಿದರು. ದೊಡ್ಡಪ್ಪ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದರು. ಅಕ್ಕ ಬಂದು ಅವರ ಕಾಲ ಬಳಿ ನೆಲದ ಮೇಲೆ ಕುಳಿತಳು.

"ಆ ಹುಡುಗೀನ ನಾಳೆ ಕಳಿಸಲೇನಮ್ಮ?"

"ಕಳ್ಸಿ ದೊಡ್ಡಪ್ಪ" ಎಂದಳು ಅಕ್ಕ. "ಬಾಗಿಲು ಬರೋವರೆಗೂ ಅವಳು ಹೋದಾಗೆಲ್ಲ ನಾನೇ ಅಡ್ಡ ನಿಂತ್ಕೋತೀನಿ."