ಮರಿಲಿಂಗನ ಗಿಳಿ ಜುಬ್ಬಾ

ರೊಟ್ಟಿಗೆ ನೀರು ಸವರಿ ಮಗುಚಿ ಹಾಕುವ ಹೊತ್ತಿಗೆ ಅಂಗಳದಲ್ಲಿ ಅಬ್ದುಲ್ ಕರೀಮನ ದನಿ ಕೇಳಿತು. ಅವನು ಸುರಪುರದ ಬಸ್ಸಿನ ಕಂಡಕ್ಟರ್. ಬಸ್ಸು ವಡಗೇರಾಕ್ಕೆ ಬಂದು ತಿರುಗಿ ನಿಲ್ಲುವುದು ನಮ್ಮ ಮನೆಯ ಮುಂದೆಯೇ. ಹಾಗಾಗಿ ಸುರಪುರದಲ್ಲಿರುವ ನನ್ನ ಮಗಳು ಸುಂದ್ರಮ್ಮನ ಸುದ್ದಿಯೆಲ್ಲ ಅವನ ಚೀಲದಲ್ಲೇ ಬರುತ್ತದೆ.

“ಗೊಲ್ಲಾಳಮ್ಮಾ, ನಿನ್ನ ಮಗಳು ಮೊಮ್ಮಕ್ಕಳನ್ನ ಕೊಟ್ಟು ಕಳಿಸ್ಯಾಳ, ಹಿಡಿ.”

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅವನ ಅಂಗೈಯಲ್ಲಿ ಮೂರು ದಾರದ ಸುರುಳಿಗಳಿದ್ದವು.

“ಇವ ಏನು ಮೊಮ್ಮಕ್ಕಳು?”

“ಅಳತಿ ಅಂತ. ಕುತ್ತಿಗಿಯಿಂದ ಮೊಣಕಾಲತನ. ರಿಬ್ಬನ್ ಕಟ್ಟಿದ್ದು ಲಾಲಮ್ಮಂದು, ಗುಂಡಿ ಕಟ್ಟಿದ್ದು ಅಯ್ಯಪ್ಪಂದು, ಗೆಜ್ಜಿ ಕಟ್ಟಿದ್ದು ಸಣ್ಣಾವಂದು. ಅಗಲ ನೀನೇ ಅಂದಾಜು ಮಾಡ್ಬೇಕಂತ. ಇವಕ್ಕ ಟಿಕೀಟ್ ಹರಿದಿಲ್ಲ ನೋಡು, ಮೂರೂ ಸಣ್ಣ ಕೂಸು.”

ಒಳಗೆ ರೊಟ್ಟಿ ಸೀದ ವಾಸನೆ ಬಂತು.

ಇದರ ಹಿಂದಿನ ಮಾತು ಹೇಳಬೇಕು. ಸಣ್ಣ ಮೊಮ್ಮಗ ಮರಿಲಿಂಗನ ಜಾವಳ ನಿಗದಿಯಾಗಿತ್ತು. ಕೊಡೇಕಲ್ಲಿನ ಗುಡಿಗೆ ಹೋಗಿ ಹುಟ್ಟುಗೂದಲು ತೆಗೆಸುವುದು. ಮಕ್ಕಳ ಬಟ್ಟೆ ತಾಯಿಮನೆಯದು, ಅಂದರೆ ನನ್ನದು. ಹಿಂದೆ ಅಯ್ಯಪ್ಪನ ಜಾವಳಕ್ಕೆ ಕೈಗೆ ಸಿಕ್ಕ ಅರಿವೆಯಲ್ಲಿ ಹೊಲಿದುಕೊಂಡು ಹೋಗಿದ್ದೆ. ಆಗ ಮಗಳ ಅತ್ತೆ ದೇವಕಮ್ಮ ಕೂಡಿದ ಮಂದಿಯೊಳಗೆ, “ಒಂದಕ್ಕ ಪಟ್ಟಿ, ಒಂದಕ್ಕ ಹೂವು. ಒಂದೇ ತಾಯಿ ಮಕ್ಕಳು ಅಂತ ಚೀಟಿ ಅಂಟಿಸ್ಬೇಕಾಯ್ತಲ್ಲ ಬೀಗತಿ” ಅಂದಿದ್ದಳು. ಆ ಮಾತು ಮುರಿದ ಸೂಜಿಯ ತುದಿಯ ಹಾಗೆ ಒಳಗೇ ಉಳಿದಿತ್ತು. ಈ ಸಲ ಮೂವರಿಗೂ ಒಂದೇ ತಾನಿನ ಅರಿವೆ, ಒಂದೇ ಕಾಲರು, ಒಂದೇ ಕಿಸೆ. ದೇವಕಮ್ಮನ ಬಾಯಿಗೆ ಏನೂ ಸಿಗಬಾರದು.

ಅರಿವೆ ಶಹಾಪುರದಿಂದ ತಂದಿದ್ದೆ. ಅರಿಶಿಣ ಬಣ್ಣದ ಮೇಲೆ ಕೆಂಪು ಗಿಳಿಗಳು. ಅಂಗಡಿಯವನು ಅದನ್ನು ಬಿಚ್ಚಿದಾಗ ಪಕ್ಕದಲ್ಲಿ ಕೂತಿದ್ದ ಕೂಸೊಂದು ಅಳು ನಿಲ್ಲಿಸಿತು. ಅಲ್ಲಿಗೇ ತೀರ್ಮಾನವಾಯಿತು.

ಮಧ್ಯಾಹ್ನ ನೆರೆಮನೆಯ ಮುನ್ನಿಬೀ ಬಂದಳು. ಇಬ್ಬರೂ ಚಾಪೆಯ ಮೇಲೆ ದಾರಗಳನ್ನು ಬಿಚ್ಚಿದೆವು. ಲಾಲಮ್ಮ ಎರಡನೆಯ ಇಯತ್ತೆ ಓದುವ ಹುಡುಗಿ. ಅವಳ ದಾರ ಒಂದೂವರೆ ಗೇಣೂ ಇರಲಿಲ್ಲ. ಅವಳ ತಮ್ಮ ಅಯ್ಯಪ್ಪನದು ಸರಿಯಾಗಿ ಕಂಡಿತು. ಗೆಜ್ಜೆಯ ದಾರವನ್ನು ಮುನ್ನಿಬೀ ಬಿಚ್ಚುತ್ತಾ ಹೋದಳು. ಚಾಪೆಯ ಅಗಲ ಮುಗಿಯಿತು, ದಾರ ಮುಗಿಯಲಿಲ್ಲ.

“ಇದು ಕೂಸೋ, ಕರೆಂಟಿನ ಕಂಬೋ?” ಎಂದಳು ಮುನ್ನಿಬೀ. “ಇನ್ನೂ ಮಲಿ ಬಿಟ್ಟಿಲ್ಲ ಅಂತೀದಿ.”

“ದಾರ ಅದಲಿ ಬದಲಿ ಆಗ್ಯಾವೇನೋ.”

“ಗೆಜ್ಜಿ ಯಾರದು?”

“ಸಣ್ಣಾವಂದೇ. ನಾನೇ ಕೊಟ್ಟಿದ್ದೆ.”

ಗೆಜ್ಜೆ ಅವನದೇ ಆದ ಮೇಲೆ ಕೂಸೇ ಅಷ್ಟುದ್ದ ಬೆಳೆದಿರಬೇಕು ಎನಿಸಿತು. ನಗಬೇಡಿ, ಆಗಿನ ದಿನಗಳೇ ಹಾಗಿದ್ದವು. ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಕಣ್ಣೆದುರೇ ಏನೆಲ್ಲ ಬೆಳೆದಿತ್ತು. ಜೋಳ ಬಿಟ್ಟರೆ ಬೇರೆ ಕಾಣದ ಹೊಲದಲ್ಲಿ ಭತ್ತ ನಿಂತಿತ್ತು. ಹಿತ್ತಲ ಹೀರೇಕಾಯಿ ತೋಳುದ್ದ ಬಂದಿತ್ತು. ಮುನ್ನಿಬೀಯ ಎಮ್ಮೆ ಕೊಟ್ಟಿಗೆಯ ಬಾಗಿಲಲ್ಲಿ ಸಿಕ್ಕಿಕೊಂಡು, ಬಾಗಿಲನ್ನೇ ತೆಗೆಸಬೇಕಾಗಿತ್ತು.

“ಸುರಪುರದವರಿಗಿ ಮೊದಲ ನೀರು,” ಎಂದೆ ನಾನು. “ಅಲ್ಲಿ ಹರಿದು, ಉಳಿದದ್ದು ನಮ್ಮ ಕಡಿ ಬರ್ತದ.”

“ಅದೂ ಖರೇನೇ,” ಎಂದಳು ಮುನ್ನಿಬೀ. “ಆದ್ರ ಲಾಲಮ್ಮ ಯಾಕ ಕುಗ್ಗ್ಯಾಳ?”

“ಊಟ ಒಲ್ಲೆ ಅಂತಾಳ. ಮೊದಲಿಂದ ಹಂಗೇ.”

ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. “ನೀನು ಬರಿಯಾಕ ಕಲಿತೀಯಲ್ಲ ಅಕ್ಕ. ಒಂದು ಪತ್ರ ಹಾಕಿ ಕೇಳಿಬಿಡು. ಎರಡು ಸಾಲಿನ ಕೆಲಸ.”

ನಾನು ಎದ್ದು ಕೋಳಿಗಳನ್ನು ಓಡಿಸಿದೆ. ಅಂಗಳದಲ್ಲಿ ಕೋಳಿ ಇರಲಿಲ್ಲ.

ಪತ್ರದ ವಿಷಯ ಹೀಗಿತ್ತು. ಊರಲ್ಲಿ ಸಾಕ್ಷರತೆಯ ರಾತ್ರಿ ಶಾಲೆ ನಡೆದಾಗ ನಾನೂ ಸ್ಲೇಟು ಹಿಡಿದು ಹೋಗಿ ಓದು ಬರಹ ಕಲಿತಿದ್ದೆ. ಅದನ್ನು ಕೇಳಿದ ಸುಂದ್ರಮ್ಮ, “ಯವ್ವಾ, ನಿನ್ನ ಕೈಲೇ ಬರದ ಒಂದು ಪತ್ರ ಕಳಿಸು” ಎಂದು ಹೇಳಿ ಕಳಿಸುತ್ತಲೇ ಇದ್ದಳು. ಇನ್‌ಲ್ಯಾಂಡ್ ಪತ್ರ ತಂದು, ಯುಗಾದಿಯ ಹೊತ್ತಿಗೆ ನಾಲ್ಕು ಸಾಲು ಬರೆದೂ ಇದ್ದೆ. ಅದು ಹೊಲಿಗೆ ಮಿಷನ್ನಿನ ಖಾನೆಯಲ್ಲಿ, ಬಾಬಿನುಗಳ ಕೆಳಗೆ ಮಲಗಿತ್ತು. ಕಾರಣ ಅಳಿಯ ಬಸವಂತ್ರಾಯ. ಅವನು ಶಾಲೆಯ ಮಾಸ್ತರ. ಅವನ ಕಿಸೆಯಲ್ಲಿ ಸದಾ ಒಂದು ಕೆಂಪು ಪೆನ್ನು. ತನ್ನ ಮದುವೆಯ ಲಗ್ನಪತ್ರಿಕೆಯನ್ನೇ ತಿದ್ದಿ ನಮ್ಮ ಮನೆಗೆ ವಾಪಸ್ ಕಳಿಸಿದವನು. ಒಮ್ಮೆ ಬಸ್ಸಿನ ಬೋರ್ಡಿನಲ್ಲಿ ತಪ್ಪು ಕಂಡು ಬಸ್ಸು ನಿಲ್ಲಿಸಿದ್ದ. ಕರೀಮ ಸೀಟಿ ಹೊಡೆದರೂ ಬಿಡಲಿಲ್ಲವಂತೆ. ಅಂಥವನ ಕೈಗೆ ನನ್ನ ಅಕ್ಷರ ಸಿಕ್ಕರೆ ಪತ್ರ ಕುಂಕುಮದಲ್ಲಿ ಅದ್ದಿದ ಹಾಗೆ ತಿರುಗಿ ಬರುತ್ತದೆ. ಬೇಡ ಅನಿಸಿತ್ತು.

ಹೀಗಾಗಿ ಕೇಳಲಿಲ್ಲ, ಹೊಲಿದೆ.

ಮರಿಲಿಂಗನ ಜುಬ್ಬಾವೇ ಅರಿವೆಯ ಬಹುಪಾಲು ತಿಂದಿತು. ಅಷ್ಟು ಉದ್ದ ಬೆಳೆದವನು ಅಗಲಕ್ಕೂ ಬೆಳೆದಿರಬೇಕೆಂದು ಧಾರಾಳವಾಗಿ ಕತ್ತರಿಸಿದೆ. ಉಳಿದದ್ದರಲ್ಲಿ ಅಯ್ಯಪ್ಪನ ಅಂಗಿ, ಲಾಲಮ್ಮನ ಫ್ರಾಕು. ಮೂರಕ್ಕೂ ಹಸಿರು ಕಾಲರು ಇಟ್ಟೆ. ಮೂರರ ಕಿಸೆಯ ಮೇಲೂ ಒಂದೊಂದು ಇಡೀ ಗಿಳಿ ಬರುವ ಹಾಗೆ, ಎಲ್ಲ ಗಿಳಿಗಳೂ ಒಂದೇ ದಿಕ್ಕಿಗೆ ನೋಡುವ ಹಾಗೆ ಕೂಡಿಸಿದೆ. ಜುಬ್ಬಾದ ಕಾಲರು ಹೊಲಿಯುವಾಗ ಅದರ ಇನ್ನೊಂದು ತುದಿ ಹೊಸ್ತಿಲಿನ ಆಚೆ ಹೋಗಿ, ಮುನ್ನಿಬೀಯ ಆಡಿನ ಮರಿ ಅದರ ಮೇಲೆ ಮಲಗಿತ್ತು.

ಕಾರ್ಯದ ಹಿಂದಿನ ದಿನ ಗಂಟು ಕಟ್ಟಿಕೊಂಡು ಸುರಪುರಕ್ಕೆ ಹೋದೆ. ಬಾಗಿಲಲ್ಲಿ ಮರಿಲಿಂಗ ಕೂತಿದ್ದ. ನೆಲದಿಂದ ನನ್ನ ಮೊಣಕಾಲಿನಷ್ಟು ಎತ್ತರ, ಬೆರಳು ಬಾಯಲ್ಲಿ, ಎರಡು ಪುಟ್ಟ ಜಡೆ. ನಾನು ಅವನನ್ನೇ ನೋಡಿ, “ಸಣ್ಣಾವ ಎಲ್ಲಿ?” ಎಂದು ಕೇಳಿದೆ.

“ನಿನ್ನ ಮುಂದೇ ಕುಂತಾನಲ್ಲ ಯವ್ವಾ,” ಎಂದಳು ಸುಂದ್ರಮ್ಮ.

ಗಂಟು ಬಿಚ್ಚದೆ ವಾಪಸ್ ಬಸ್ಸು ಹತ್ತಬೇಕೆನಿಸಿತು. ಅಷ್ಟರಲ್ಲಿ ದೇವಕಮ್ಮ ಬಂದು ತಾನೇ ಬಿಚ್ಚಿದಳು. ಜುಬ್ಬಾವನ್ನು ಎರಡೂ ಕೈಯಿಂದ ಎತ್ತಿದಳು, ಸಾಲದೆ ಕಟ್ಟೆಯ ಮೇಲೆ ಹತ್ತಿ ನಿಂತಳು.

“ಬೀಗತಿ, ಇದರಾಗ ಕೂಸನ್ನ ಹಾಕ್ಬೇಕೋ, ಕಟ್ಟಿಗಿ ತುಂಬಬೇಕೋ?”

“ನೀವು ಕಳಿಸಿದ ದಾರದ ಅಳತಿನೇ ಅದ,” ಎಂದು ನಾನು ಗೆಜ್ಜೆಯ ದಾರ ತೆಗೆದು ತೋರಿಸಿದೆ.

ಸುಂದ್ರಮ್ಮ ದಾರ ನೋಡಿದಳು, ಗಂಡನನ್ನು ನೋಡಿದಳು. ಬಸವಂತ್ರಾಯ ಮಾಳಿಗೆಯನ್ನು ನೋಡಿದ.

“ಹೆಂಗ ಅಳದಿದ್ರಿ ಇದನ್ನ?” ಎಂದೆ.

“ಕೂಸಿನ ಮೈಮ್ಯಾಲ ದಾರ ಇಟ್ಟು ಅಳೀಬಾರದು, ಬೆಳಿಯಂಗಿಲ್ಲ ಅಂದ್ರು ಅತ್ತಿ,” ಎಂದಳು ಸುಂದ್ರಮ್ಮ. “ಅದಕ್ಕ ನೆರಳು ಅಳದಿವಿ.”

“ನೆರಳು?”

“ಅಂಗಳದಾಗ ನಿಂದ್ರಿಸಿ, ನೆರಳಿನ ಕುತ್ತಿಗಿಯಿಂದ ನೆರಳಿನ ಮೊಣಕಾಲತನ. ಲಾಲವ್ವ ನಡುಮಧ್ಯಾಹ್ನ ಊಟಕ್ಕ ಬಂದಿದ್ಲು, ಆಗ ಅಳದಿವಿ. ಅಯ್ಯಪ್ಪಂದು ಇವರು ಶಾಲಿ ಬಿಟ್ಟು ಬಂದಮ್ಯಾಲ. ಸಣ್ಣಾವ ಕೈಗೇ ಸಿಗಲಿಲ್ಲ. ಹಿಡದು ನಿಂದ್ರಿಸೋದ್ರಾಗ ಹೊತ್ತು ಮುಣಗಾಕ ಬಂದಿತ್ತು.”

ಮರಿಲಿಂಗ ಬೆರಳು ಚೀಪುತ್ತ ಎಲ್ಲರ ಮುಖ ನೋಡಿದ.

“ದಾರದ ಆಚಿ ತುದಿ ಯಾರು ಹಿಡದಿದ್ರು?” ಎಂದು ಕೇಳಿದೆ.

ಬಸವಂತ್ರಾಯ ಕೆಮ್ಮಿದ. “ನಾನೇರಿ. ಬರೇ ತುದಿ ಹಿಡದಿದ್ದೆ.”

“ಮೊನ್ನಿ ನಮ್ಮ ವರ್ಗದಾಗ ನೆರಳಿನ ಪಾಠ ಅಪ್ಪನೇ ಮಾಡ್ಯಾನ,” ಎಂದಳು ಲಾಲಮ್ಮ ಮೂಲೆಯಿಂದ. “ಮುಂಜಾನಿ ಸಂಜಿ ಉದ್ದ, ಮಧ್ಯಾಹ್ನ ಗಿಡ್ಡ ಅಂತ ಬೋರ್ಡಿನ ಮ್ಯಾಲ ಬರದಿದ್ದ.”

“ಅದು ಶಾಲಿ, ಇದು ಮನಿ,” ಎಂದ ಬಸವಂತ್ರಾಯ. ಅವನ ಕಿಸೆಯ ಕೆಂಪು ಪೆನ್ನು ನನಗೆ ಮೊದಲ ಸಲ ಬರೀ ಪೆನ್ನಿನ ಹಾಗೆ ಕಂಡಿತು. ಆದರೆ ಅವನನ್ನು ಆಡಿಕೊಳ್ಳುವ ಹಾಗೂ ಇರಲಿಲ್ಲ. ಹೀರೇಕಾಯಿಯ ಲೆಕ್ಕದಲ್ಲಿ ಮೊಮ್ಮಗನನ್ನು ಬೆಳೆಸಿದವಳು ನಾನು.

ಈಗ ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಅಯ್ಯಪ್ಪನ ಅಂಗಿ ಅವನಿಗೆ ಚೆನ್ನಾಗಿ ಕೂತಿತು. ಲಾಲಮ್ಮನ ಫ್ರಾಕು ಮರಿಲಿಂಗನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಆಯಿತು. ಜಡೆ ಹೇಗೂ ಇತ್ತು, ಯಾರೂ ಏನೂ ಅನ್ನುವಂತಿರಲಿಲ್ಲ. ಜುಬ್ಬಾ ಮಾತ್ರ ಕಟ್ಟೆಯ ಮೇಲೆ ಬಿದ್ದಿತ್ತು. ಅಷ್ಟು ಹೊತ್ತು ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ ಬೀಗರು ಅಮಾತೆಪ್ಪ ಎದ್ದು ಬಂದರು. ಆ ಮನೆಯಲ್ಲಿ ಮಾತೆಲ್ಲ ದೇವಕಮ್ಮನದೇ ಆದ್ದರಿಂದ ಅವರ ದನಿ ನಾನು ಕೇಳಿದ್ದೇ ಕಡಿಮೆ.

“ದಂಡ ಯಾಕಾಗ್ಬೇಕು,” ಎಂದು ತಲೆಯ ಮೇಲಿಂದ ಹಾಕಿಕೊಂಡರು. ಕಣಕಾಲಿನವರೆಗೆ ಬಂತು. ಎದೆಯ ಮೇಲೆ, ಬೆನ್ನ ಮೇಲೆ, ಕಂಕುಳಲ್ಲಿ ಕೆಂಪು ಗಿಳಿಗಳು. ಒಂದು ಸುತ್ತು ತಿರುಗಿ ನೋಡಿಕೊಂಡರು. “ಗಾಳಿ ಆಡ್ತದ,” ಎಂದರು.

“ತಗೀರಿ ಅದನ್ನ, ಮಂದಿ ನಗ್ತಾರ,” ಎಂದಳು ದೇವಕಮ್ಮ.

“ನಗಲಿ,” ಎಂದು ಅವರು ಕಿಸೆಯಲ್ಲಿ ಎಲೆ ಅಡಿಕೆ ಚೀಲ ಇಟ್ಟುಕೊಂಡರು. ಗಿಳಿ ಉಬ್ಬಿತು.

ಎಲ್ಲರಿಗೂ ಆಯಿತು, ಲಾಲಮ್ಮನಿಗೆ ಏನೂ ಉಳಿಯಲಿಲ್ಲ. ಅವಳು ಅಳಲಿಲ್ಲ. ಹಳೆಯ ನೀಲಿ ಫ್ರಾಕು ತೊಟ್ಟು, ನನ್ನ ಕಡೆ ಬೆನ್ನು ಮಾಡಿ ಮಲಗಿದಳು. ಹೊರಳಿಸಿದರೂ ಹೊರಳಲಿಲ್ಲ.

ಮರುದಿನ ಕೊಡೇಕಲ್ಲಿನಲ್ಲಿ ಕ್ಷೌರದವನು ಕತ್ತಿ ಮಸೆದು ತಲೆಯೆತ್ತಿ ನೋಡಿದ. ಎದುರಿಗೆ ಗಿಳಿಯ ಫ್ರಾಕಿನ ಮರಿಲಿಂಗ, ಗಿಳಿಯ ಅಂಗಿಯ ಅಯ್ಯಪ್ಪ, ಗಿಳಿಯ ಜುಬ್ಬಾದ ಅಮಾತೆಪ್ಪ.

“ಯಾರ ಜಾವಳರೀ?” ಎಂದ. ಅಮಾತೆಪ್ಪ ಟೊಪ್ಪಿಗೆ ತೆಗೆದು ಬೋಳುತಲೆ ತೋರಿಸಿದರು. “ನಂದು ಆಗೇದಪ. ಸಣ್ಣಾವಂದು ಮಾಡು.”

ಕೂಡಿದ ಮಂದಿ ನಕ್ಕರು. ದೇವಕಮ್ಮ ಏನೋ ಅನ್ನಲು ಬಾಯಿ ತೆಗೆದಳು. ಗಂಡನನ್ನು, ಮೊಮ್ಮಕ್ಕಳನ್ನು ಮತ್ತೊಮ್ಮೆ ನೋಡಿ ತಾನೂ ಸೆರಗು ಬಾಯಿಗೆ ಒತ್ತಿಕೊಂಡಳು. “ಇರಲಿ ಬೀಗತಿ, ಒಂದೇ ಮನಿಯವರು ಅಂತ ಗುರುತಾದ್ರೂ ಸಿಗ್ತದ,” ಎಂದಳು.

ಅದೇ ಮಾತಿಗಾಗಿ ನಾನು ಇಷ್ಟೆಲ್ಲ ಮಾಡಿದ್ದು. ಸಿಕ್ಕಾಗ ರುಚಿಸಲಿಲ್ಲ. ಎಲ್ಲರಿಂದ ದೂರ ಕಟ್ಟೆಯ ತುದಿಯಲ್ಲಿ ನೀಲಿ ಫ್ರಾಕು ಒಂದೇ ಕೂತಿತ್ತು. ಹೋಗಿ ಪಕ್ಕದಲ್ಲಿ ಕೂತೆ.

“ಲಾಲವ್ವ, ನಿನಗ ಅದೇ ಗಿಳಿದು ಹೊಲಿದು ಕಳಿಸ್ತೀನಿ.”

“ಮತ್ತ ನನ್ನ ನೆರಳು ಅಳೀತಾರ.”

“ಅಳೀದಂಗ ಹೇಳಿ ಕಳಿಸ್ತೀನಿ.”

“ನೀ ಹೇಳಿದ್ದು ಕರೀಮ ಮಾಮಾ ಒಂದು ಹೇಳ್ತಾನ, ಅಮ್ಮ ಒಂದು ಮಾಡ್ತಾಳ.” ಅವಳು ಕಾಲು ಅಲ್ಲಾಡಿಸಿದಳು. “ಪತ್ರ ಬರಿ.”

“ನಿಮ್ಮಪ್ಪ ತಿದ್ದತಾನವ್ವ.”

“ನನ್ನ ಹೆಸರಿಗಿ ಬರಿ. ನಾನೇ ಓದ್ತೀನಿ. ನನಗೂ ದೊಡ್ಡ ದೊಡ್ಡ ಒತ್ತಕ್ಷರ ಬರಂಗಿಲ್ಲ ಆಯಿ. ನೀ ಸಣ್ಣವು ಹಾಕು.”

ವಡಗೇರಾಕ್ಕೆ ಬಂದ ಮೇಲೆ ಶಹಾಪುರದ ಅಂಗಡಿಯಲ್ಲಿ ವಿಚಾರಿಸಿದೆ. ಗಿಳಿಯ ಅರಿವೆಯ ತಾನು ಮುಗಿದಿತ್ತು. ಉಳಿದ ಗಿಳಿಗಳೆಲ್ಲ ಅಮಾತೆಪ್ಪನ ಮೈಮೇಲಿದ್ದವು. ಅವರು ಜುಬ್ಬಾ ಬಿಚ್ಚುತ್ತಲೇ ಇಲ್ಲವೆಂದು ಕರೀಮ ಸುದ್ದಿ ತಂದ. ಸಂತೆಗೂ ಅದೇ, ಹೊಲಕ್ಕೂ ಅದೇ.

“ಲಾಲಮ್ಮ ಏನಂದ್ಲು?” ಎಂದೆ.

“ಪತ್ರ ಬಂತೇನು ಅಂತ ಕೇಳಿದ್ಲು. ಬಂದಿಲ್ಲ ಅಂದೆ. ನನ್ನ ಜೊತಿನೂ ಮಾತು ಬಿಟ್ಟಾಳ.”

ಮಿಷನ್ನಿನ ಖಾನೆ ಎಳೆದು ಇನ್‌ಲ್ಯಾಂಡ್ ಪತ್ರ ತೆಗೆದೆ. ಎಣ್ಣೆಯ ಕಲೆ ಬಿದ್ದಿತ್ತು. ಮೇಲಿದ್ದ ಸುಂದ್ರಮ್ಮನ ಹೆಸರು ಹೊಡೆದು ಹಾಕಿ ಲಾಲಮ್ಮನ ಹೆಸರು ಬರೆದೆ. ನಾವು ಕ್ಷೇಮ, ನೀವು ಕ್ಷೇಮವೇ ಎನ್ನುವ ಹಳೆಯ ನಾಲ್ಕು ಸಾಲುಗಳನ್ನು ಹಾಗೇ ಬಿಟ್ಟು, ಕೆಳಗೆ ಬರೆದೆ:

“ಲಾಲವ್ವ, ಯಾರಿಗೂ ನೆರಳು ಅಳೆಯಲು ಬಿಡಬೇಡ. ನಿನ್ನ ನೀಲಿ ಫ್ರಾಕು ಕಳಿಸು, ಅದೇ ಅಳತೆ. ಮುತ್ಯಾ ಜಳಕಕ್ಕೆ ಹೋದಾಗ ಜುಬ್ಬಾ ಎತ್ತಿಕೊಂಡು ಕರೀಮ ಮಾಮನ ಕೈಗೆ ಕೊಡು. ಹೆದರಬೇಡ. ಕೆಳಗಿನ ಅರ್ಧದಲ್ಲಿ ನಿನಗೆ ಫ್ರಾಕು, ಮೇಲಿನ ಅರ್ಧದಲ್ಲಿ ಮುತ್ಯಾಗೆ ಅಂಗಿ ಆಗುತ್ತದೆ. ಕಿಸೆಯ ಗಿಳಿ ಅವರಿಗೇ ಇರಲಿ, ನಿನಗೆ ಬೇರೆ ಗಿಳಿ ಕೂಡಿಸುತ್ತೇನೆ. ತಪ್ಪು ಇದ್ದರೆ ನೀನೇ ತಿದ್ದು.”

ಅಂಟು ಒಣಗಿತ್ತು. ರೊಟ್ಟಿಯ ಹಿಟ್ಟು ಕಲಸಿ ಅಂಟಿಸಿದೆ.

ಬಸ್ಸು ನಿಂತಿತ್ತು. “ಕೊಡಮ್ಮಾ, ನಾನೇ ಒಯ್ತೀನಿ, ಸಂಜೀಕ ಮುಟ್ಟತದ,” ಎಂದ ಕರೀಮ.

“ಬ್ಯಾಡಪಾ. ಅಂಚಿಯವ ಅವಳ ಹೆಸರು ಕೂಗಿ ಅವಳ ಕೈಗೇ ಕೊಡ್ಲಿ. ಡಬ್ಬಿಗೇ ಹಾಕ್ತೀನಿ.”

ಅಂಚೆ ಡಬ್ಬಿಯ ಬಾಯಿಗೆ ಕೈ ಒಡ್ಡಿ, ಪತ್ರ ಹಿಡಿದು ನಿಂತೆ. ಕರೀಮ ಸೀಟಿ ಹೊಡೆದ, ಬಸ್ಸು ಹೊರಟಿತು, ಧೂಳು ಕೂತಿತು. ಬೆರಳು ಬಿಟ್ಟೆ. ಒಳಗೆ ಪತ್ರ ತಳಕ್ಕೆ ಬಿದ್ದ ಸಪ್ಪಳ ಕೇಳಿತು.