ನಾಲ್ಕನೆಯ ಮಂಚದ ಸ್ಟೂಲು

ನಾನೊಂದು ಸ್ಟೂಲು. ಬೆನ್ನಿಲ್ಲ, ಕೈಯಿಲ್ಲ, ಇರುವುದು ನಾಲ್ಕು ಕಾಲು, ಮೇಲೊಂದು ಹಲಗೆ. ಕುರ್ಚಿಗಳು ನನ್ನನ್ನು ಕಂಡರೆ ಮೂಗು ಮುರಿಯುತ್ತವೆ. ಮುರಿಯಲಿ ಬಿಡಿ. ಕುರ್ಚಿಯಲ್ಲಿ ಕೂತವರು ತೂಕಡಿಸುತ್ತಾರೆ. ನನ್ನ ಮೇಲೆ ಕೂತು ಗೊರಕೆ ಹೊಡೆದವರನ್ನು ಮೂವತ್ತು ವರ್ಷದಲ್ಲಿ ನಾನು ಒಬ್ಬರನ್ನೂ ಕಂಡಿಲ್ಲ. ನಾನಿರುವುದು ಎರೆಹೊಲಗಳ ನಡುವಿನ ಒಂದು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಊರಿನ ಹೆಸರು ಕೇಳಬೇಡಿ, ಹೇಳಿದರೆ ನಮ್ಮ ಡಾಕ್ಟರಿಗೆ ಬೇಜಾರಾದೀತು.

ನನ್ನನ್ನು ಮಾಡಿದವನು ಕಾಳಪ್ಪ ಬಡಿಗೇರ. ಚಕ್ಕಡಿ ಗಾಡಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ಅವನ ಹೆಂಡತಿಯ ಮೊದಲ ಹೆರಿಗೆ ಇದೇ ವಾರ್ಡಿನಲ್ಲಿ ಆಯಿತು. ಆಗ ಇಲ್ಲಿ ನರ್ಸ್ ಆಗಿದ್ದವರು ಎಸ್ತರ್ ಸಿಸ್ಟರು. ಕೂಸನ್ನು ಒರೆಸಿ ತಾಯಿಯ ಮಗ್ಗುಲಲ್ಲಿ ಮಲಗಿಸಿದ ಮೇಲೆ ಅವರು ಒಂದು ಬಕೆಟನ್ನು ಬೋರಲು ಹಾಕಿಕೊಂಡು ಬಾಣಂತಿಯ ಪಕ್ಕ ಕೂತುಬಿಟ್ಟರಂತೆ. ಒಂದು ತಾಸು ಏಳಲೇ ಇಲ್ಲವಂತೆ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಕಾಳಪ್ಪನಿಗೆ ಆ ಬಕೆಟ್ಟು ಮನಸ್ಸಿನಿಂದ ಹೋಗಲಿಲ್ಲ. ಚಕ್ಕಡಿ ಮಾಡಿ ಉಳಿದಿದ್ದ ಜಾಲಿ ಕಟ್ಟಿಗೆಯನ್ನು ಕೊಯ್ದು ಕೆತ್ತಿ, ಒಂದು ಮೊಳೆಯನ್ನೂ ಹೊಡೆಯದೆ, ಬರೀ ಸಂದು ಕೂಡಿಸಿ ನನ್ನನ್ನು ಮಾಡಿದ. ಅಳತೆಗೆಂದು ಆಸ್ಪತ್ರೆಗೆ ಬಂದು ಮಂಚದ ಎತ್ತರ ನೋಡಿಕೊಂಡು ಹೋಗಿದ್ದ. ಕೂತವರ ಕೈ ಮಲಗಿದವಳ ಹೊಟ್ಟೆಯ ಮೇಲೆ ತಾನಾಗಿ ಬರಬೇಕು, ಅಷ್ಟೇ ಅವನ ಲೆಕ್ಕ. ಕೂಸಿಗೆ ಹೆಸರಿಟ್ಟ ಮರುದಿನ ನನ್ನನ್ನು ಹೆಗಲ ಮೇಲೆ ಹೊತ್ತು ತಂದು ವಾರ್ಡಿನಲ್ಲಿ ಇಳಿಸಿದ.

ಎಸ್ತರ್ ಸಿಸ್ಟರು ಕೂರುವ ಠೀವಿಯೇ ಬೇರೆ. ಸ್ಟೂಲಿಗೆ ಕಣ್ಣಿಲ್ಲದಿದ್ದರೂ ನಡೆಯುತ್ತದೆ, ತೂಕ ತಿಳಿಯಬೇಕು. ಕೆಲವರು ಅರ್ಧ ಕೂರುತ್ತಾರೆ. ಒಂದು ಕಾಲು ಆಗಲೇ ಬಾಗಿಲ ಕಡೆ ಇರುತ್ತದೆ. ಎಸ್ತರ್ ಸಿಸ್ಟರು ಮಾತ್ರ ಪೂರ್ತಿ ಭಾರ ಬಿಟ್ಟು ಕೂರುತ್ತಿದ್ದರು. ಎಡಗೈ ಬಾಣಂತಿಯ ನಾಡಿಯ ಮೇಲೆ, ಬಲಗೈ ಹೊಕ್ಕುಳ ಕೆಳಗೆ. ಹೆತ್ತ ಮೇಲೆ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಹತ್ತಬೇಕು. ಮೆತ್ತಗಾಯಿತೆಂದರೆ ಒಳಗೆ ರಕ್ತ ಹರಿಯುತ್ತಿದೆ ಎಂದೇ ಅರ್ಥ. ಹೊಸದಾಗಿ ಬಂದ ನರ್ಸುಗಳಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ನಿಂತು ನೋಡಿದ್ದು ನೋಡಿದಂಗಲ್ಲವ್ವಾ. ಮೊದಲ ಕುಂದ್ರು."

ಹಾಗೆ ಹೇಳಿಸಿಕೊಂಡವರಲ್ಲಿ ಕಡೆಯವಳು ದಾಕ್ಷಾಯಣಿ. ಗುತ್ತಿಗೆಯ ಮೇಲೆ ಬಂದ ನರ್ಸು, ಸಣ್ಣ ಮೈಯವಳು. ಮೊದಲ ವಾರ ನನ್ನ ಅಂಚಿಗಷ್ಟೇ ಕೂರುತ್ತಿದ್ದಳು. ಎಸ್ತರ್ ಸಿಸ್ಟರು ಅವಳ ಕೈಯ ಮೇಲೆ ತಮ್ಮ ಕೈ ಇಟ್ಟು ಒತ್ತಿ ತೋರಿಸುತ್ತಿದ್ದರು. ಮೂರು ವರ್ಷದಲ್ಲಿ ಅವಳ ಕೈ ಪಳಗಿತು. ಸಿಸ್ಟರು ನಿವೃತ್ತರಾದ ದಿನ ಹೂವಿನ ಹಾರ ಹಾಕಿಸಿಕೊಂಡು, ಹೋಗುವ ಮುಂಚೆ ನನ್ನ ಹಲಗೆಯನ್ನು ಸೆರಗಿನಿಂದ ಒರೆಸಿದರು. ನನಗೆ ಅಳು ಬಂದಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಬಂದದ್ದು ಟ್ಯಾಬು. ಅಂಗೈ ಅಗಲದ ಕರಿ ಹಲಗೆ, ಅದರ ಧಿಮಾಕು ಮಾತ್ರ ಊರಗಲ. ಹೆರಿಗೆಯಾದ ಪ್ರತಿಯೊಬ್ಬಳ ನಾಡಿ, ರಕ್ತದೊತ್ತಡ, ಗರ್ಭಕೋಶದ ಸ್ಥಿತಿ ಇವನ್ನೆಲ್ಲ ಹದಿನೈದು ನಿಮಿಷಕ್ಕೊಮ್ಮೆ ಅದರಲ್ಲಿ ತುಂಬಬೇಕು. ತುಂಬಿದರೆ ಹಸಿರು. ತಡವಾದರೆ ಕೂಗುತ್ತದೆ, ಕೆಂಪಾಗುತ್ತದೆ. ಕೆಂಪಾದದ್ದು ಜಿಲ್ಲಾ ಕಚೇರಿಯ ಗೋಡೆಯ ಮೇಲೆ ಕಾಣುತ್ತದಂತೆ, ತಿಂಗಳ ಸಭೆಯಲ್ಲಿ ನರ್ಸಿನ ಹೆಸರು ಹಿಡಿದು ಓದುತ್ತಾರಂತೆ. ಮೂರು ಸಲ ಓದಿಸಿಕೊಂಡ ಗುತ್ತಿಗೆಯವರಿಗೆ ಮರುವರ್ಷ ಕೆಲಸವಿಲ್ಲ. ಯೋಚನೆಯೇನೋ ಒಳ್ಳೆಯದೇ, ಯಾವ ಬಾಣಂತಿಯನ್ನೂ ಮರೆಯಬಾರದೆಂದೇ ಅದನ್ನು ಮಾಡಿದ್ದು. ಆದರೆ ಮಂಚ ಆರು, ದಾಕ್ಷಾಯಣಿ ಒಬ್ಬಳು.

ಅದರ ಜೊತೆಗೇ ವಾರ್ಡಿನ ಮೂಲೆಗೆ ಒಂದು ಕ್ಯಾಮೆರಾ ಬಂತು. ಕೆಲಸದ ವೇಳೆ ಸಿಬ್ಬಂದಿ ಕೂತಿರುವುದು ಕಾಣಬಾರದು ಎಂದು ಒಂದು ಕಾಗದವೂ ಬಂತು. ಕೂರುವುದೇ ಇಲ್ಲಿಯ ಕೆಲಸವೆಂದು ಬರೆದವರಿಗೆ ಯಾರು ಹೇಳಬೇಕು? ನನ್ನನ್ನು ಸಾಮಾನಿನ ಕೋಣೆಗೆ ಹಾಕಬೇಕೆಂದರು. ಆಯಾ ನಿಂಗವ್ವ, ಬಾಯಿ ಜೋರು, ಕರುಳು ಮೆತ್ತಗೆ, ಅವಳು ಬಿಡಲಿಲ್ಲ. ನಾಲ್ಕನೆಯ ಮಂಚದ ಹಿಂದಿನ ಗೋಡೆಯಲ್ಲಿ ಚಾರ್ಜಿಂಗ್ ಪ್ಲಗ್ ಇತ್ತು. ಟ್ಯಾಬು ಇಡಲು ಏನಾದರೂ ಬೇಕಲ್ಲ ಎಂದು ಹೇಳಿ ನನ್ನನ್ನು ಅಲ್ಲಿ ನಿಲ್ಲಿಸಿದಳು. ಎಸ್ತರ್ ಸಿಸ್ಟರು ಕೂತ ಹಲಗೆಯ ಮೇಲೆ ಟ್ಯಾಬು ಕೂತಿತು. ಹೊಟ್ಟೆ ಉರಿಯಿತು. ಆದರೆ ಸ್ಟೂಲು ಮೈ ಕೊಡವಿ ಕೆಡವಲಾರದು.

ಅಲ್ಲಿಂದ ದಾಕ್ಷಾಯಣಿಯ ಪಾದಗಳನ್ನೇ ನೋಡುತ್ತಾ ಎರಡು ವರ್ಷ ಕಳೆದೆ. ಬೆಳಿಗ್ಗೆ ಚಪ್ಪಲಿ ಸಡಿಲವಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಪಟ್ಟಿ ಊದಿದ ಪಾದದೊಳಗೆ ಹೂತುಹೋಗುತ್ತಿತ್ತು. ಟ್ಯಾಬು ಕೂಗಿದರೆ ಓಡಿಬರುವಳು. ಮೊದಮೊದಲು ಪ್ರತಿ ಮಂಚಕ್ಕೂ ಹೋಗಿ ನಾಡಿ ಹಿಡಿದು ಬಂದು ತುಂಬುತ್ತಿದ್ದಳು. ಮೂರನೆಯ ಮಂಚಕ್ಕೆ ಹೋಗುವಷ್ಟರಲ್ಲಿ ಒಂದನೆಯದು ಮತ್ತೆ ಕೂಗುತ್ತಿತ್ತು. ಅದರಲ್ಲಿ 'ಹಿಂದಿನಂತೆಯೇ' ಎಂದು ಒಂದು ಗುಂಡಿ ಇದೆ. ಒತ್ತಿದರೆ ಹಿಂದಿನ ಅಂಕಿಯೇ ಮತ್ತೆ ಕೂರುತ್ತದೆ, ಹಸಿರಾಗುತ್ತದೆ. ಒಂದು ದಿನ ಹೆರಿಗೆ ಕೋಣೆಯಿಂದ ಕೂಗು ಬಂದಾಗ ಅವಳು ಮೊದಲ ಸಲ ಅದನ್ನು ಒತ್ತಿದಳು. ಬಂದ ಮೇಲೆ ಮಂಚಕ್ಕೆ ಹೋಗಿ ನಾಡಿ ಹಿಡಿದಳು. ಹತ್ತನೆಯ ಸಲಕ್ಕೆ ಅದೂ ಇರಲಿಲ್ಲ. ನಮ್ಮ ವಾರ್ಡು ಜಿಲ್ಲೆಗೇ ಹಸಿರು ಎಂದು ಪ್ರಶಸ್ತಿ ಪತ್ರ ಬಂತು, ಅದನ್ನು ಗೋಡೆಗೆ ತೂಗುಹಾಕಿದರು. ಅವಳು ಅದರ ಕಡೆ ತಲೆ ಎತ್ತಿ ನೋಡಿದ್ದನ್ನು ನಾನು ಕಾಣೆ.

ಪಾರವ್ವ ಬಂದದ್ದು ಒಂದು ಸೋಮವಾರ. ಇಪ್ಪತ್ತೆರಡರ ಹುಡುಗಿ, ಚೊಚ್ಚಲು. ಹನ್ನೊಂದು ಗಂಟೆಗೆ ಹೆಣ್ಣು ಕೂಸು ಹುಟ್ಟಿತು. ಅವಳನ್ನು ನಾಲ್ಕನೆಯ ಮಂಚಕ್ಕೆ ತಂದು ಮಲಗಿಸಿದಾಗ ದಾಕ್ಷಾಯಣಿ ನಾಡಿ ಹಿಡಿದು ನೋಡಿದಳು: ಎಂಬತ್ತನಾಲ್ಕು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಇನ್ನೊಬ್ಬಳಿಗೆ ನೋವು ಜೋರಾಯಿತು, ದಾಕ್ಷಾಯಣಿ ಹೆರಿಗೆ ಕೋಣೆಗೆ ಓಡಿದಳು. ಪಾರವ್ವನ ಅತ್ತೆ ಒಳ್ಳೆಯ ಹೆಂಗಸು. ಬಾಣಂತಿಗೆ ಗಾಳಿ ಸೋಕಬಾರದೆಂದು ಸೊಸೆಯ ಕಿವಿಗೆ ಬಟ್ಟೆ ಕಟ್ಟಿ, ಕುತ್ತಿಗೆಯವರೆಗೂ ಕೌದಿ ಹೊದಿಸಿ ಸಿಗಿಸಿಬಿಟ್ಟಳು. ಅದು ಈ ಕಡೆಯವರ ಪ್ರೀತಿ. ಆ ಪ್ರೀತಿಯ ಕೆಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣಲಿಲ್ಲ.

ಟ್ಯಾಬು ಕೂಗಿತು. ದಾಕ್ಷಾಯಣಿ ಬಂದು ನಿಂತಲ್ಲಿಂದಲೇ ಮಂಚದ ಕಡೆ ನೋಡಿದಳು. ಪಾರವ್ವ ಮಲಗಿದ್ದಾಳೆ, ಅತ್ತೆ ಕೂಸನ್ನು ಎತ್ತಿಕೊಂಡಿದ್ದಾಳೆ. ಗುಂಡಿ ಒತ್ತಿದಳು. ಎಂಬತ್ತನಾಲ್ಕು, ಹಸಿರು. ಮತ್ತೆ ಕೂಗಿತು, ಮತ್ತೆ ಒತ್ತಿದಳು. ಆಗಲೇ ನಾನು ಅದನ್ನು ನೋಡಿದೆ. ಹಾಸಿಗೆಯ ಮೇಲಿನ ರಬ್ಬರ್ ಹಾಳೆಯ ಅಂಚಿನಿಂದ ಒಂದು ಹನಿ ನೆಲಕ್ಕೆ ಬಿತ್ತು. ನನ್ನಷ್ಟು ಕೆಳಗೆ ಇರುವವರಿಗೆ ಮಾತ್ರ ಕಾಣುವಂಥ ಜಾಗ ಅದು. ಇನ್ನೊಂದು ಹನಿ ಬಿತ್ತು. ಕೆಂಪು. ಅಯ್ಯೋ ದೇವರೇ, ನಾಲ್ಕು ಕಾಲು ಕೊಟ್ಟು ಒಂದು ಬಾಯಿ ಕೊಡಬಾರದಾಗಿತ್ತೆ ಎಂದು ಒದ್ದಾಡಿದೆ. ನನ್ನ ತಲೆಯ ಮೇಲೆ ಟ್ಯಾಬು ಹಸಿರು ಬೆಳಕು ಬಿಡುತ್ತಾ ಆರಾಮವಾಗಿ ಕೂತಿತ್ತು.

ಮೂರನೆಯ ಸಲ ಕೂಗಿದಾಗ ದಾಕ್ಷಾಯಣಿ ಬಂದು ಬೆರಳು ಎತ್ತಿದಳು. ಆದರೆ ಕಾಲು ಸೋತಿತು. ಬೆಳಿಗ್ಗೆ ಏಳರಿಂದ ನಿಂತಿದ್ದಳು, ಬುತ್ತಿ ಬಿಚ್ಚಿರಲಿಲ್ಲ. ಟ್ಯಾಬನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, ನನ್ನನ್ನು ಎಳೆದುಕೊಂಡು ಕೂತಳು. ಬರೀ ಒಂದು ನಿಮಿಷ ಕೂರಬೇಕೆಂದು ಕೂತದ್ದು, ಮತ್ತೇನೂ ಇಲ್ಲ. ಎರಡು ವರ್ಷದ ಮೇಲೆ ಅವಳ ಭಾರ ಪೂರ್ತಿಯಾಗಿ ನನ್ನ ಮೇಲೆ ಬಿತ್ತು. ಕೂತ ಮೇಲೆ ಆ ಕೈಗೆ ಬೇರೆ ದಾರಿ ಗೊತ್ತಿಲ್ಲ. ಎಸ್ತರ್ ಸಿಸ್ಟರು ಪಳಗಿಸಿದ ಕೈ, ತಾನಾಗಿ ಕೌದಿಯೊಳಗೆ ಹೋಗಿ ಪಾರವ್ವನ ಹೊಕ್ಕುಳ ಕೆಳಗೆ ಕೂತಿತು.

ಕೈಗೆ ಹತ್ತಿದ್ದು ತೆಂಗಿನಕಾಯಿ ಅಲ್ಲ, ನಾದಿದ ಹಿಟ್ಟು.

"ಪಾರವ್ವ, ಏ ಪಾರವ್ವ, ಎಚ್ಚರ ಅದಿಯೇನ?" ಎಂದಳು.

"ನಿದ್ದಿ ಬರಾಕತ್ತೈತ್ರಿ ಅಕ್ಕಾರ," ಎಂದಳು ಪಾರವ್ವ. ದನಿ ಬಾವಿಯೊಳಗಿಂದ ಬಂದಂತಿತ್ತು.

ದಾಕ್ಷಾಯಣಿ ಕೌದಿ ಕಿತ್ತು ಎಸೆದಳು. ಹಾಸಿಗೆ ತೊಯ್ದಿತ್ತು. ನಾಡಿ ನೂರಾ ಮೂವತ್ತು, ಎಳೆ ದಾರದಷ್ಟು ಸಣ್ಣಗೆ. ನಿಂಗವ್ವನಿಗೆ ಡಾಕ್ಟರನ್ನು ಕರೆತರಲು ಕೂಗಿ ಹೇಳಿ, ಎರಡೂ ಕೈಯಿಂದ ಆ ಮೆತ್ತನೆಯ ಹೊಟ್ಟೆಯನ್ನು ಒತ್ತಿ ನೀವತೊಡಗಿದಳು. ಡಾಕ್ಟರು ಓಡಿಬಂದರು, ಇಂಜೆಕ್ಷನ್ ಕೊಟ್ಟರು, ಸಲೈನ್ ಏರಿಸಿದರು. ದಾಕ್ಷಾಯಣಿ ಕೈ ತೆಗೆಯಲಿಲ್ಲ. ಕಿಟಕಿಯಲ್ಲಿ ಟ್ಯಾಬು ಬಾಯಿ ಬಡಿದುಕೊಳ್ಳುತ್ತಿತ್ತು. ಒಂದೊಂದೇ ಮಂಚ ಕೆಂಪಾಯಿತು, ಆರಕ್ಕೆ ಆರೂ ಕೆಂಪಾದವು. ನಿಂಗವ್ವ ಅದರ ಮೇಲೆ ದಿಂಬು ಹಾಕಿದಳು. ಮುಕ್ಕಾಲು ಗಂಟೆಯ ಮೇಲೆ ಗರ್ಭಕೋಶ ಗಟ್ಟಿಯಾಗಿ ಕೈಗೆ ಹತ್ತಿತು. ಪಾರವ್ವ ಕಣ್ಣು ಬಿಟ್ಟು ಕೂಸೆಲ್ಲಿ ಎಂದು ಕೇಳಿದಳು. ದಾಕ್ಷಾಯಣಿ ನನ್ನ ಮೇಲೆ ಕೂತೇ ಬಿಕ್ಕಿ ಬಿಕ್ಕಿ ಅತ್ತಳು.

ಹದಿನೈದು ದಿನಕ್ಕೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದರು. ಮಿರಿಮಿರಿ ಮಿಂಚುವ ಬೂಟು. ನಿಮ್ಮ ವಾರ್ಡು ಎರಡು ವರ್ಷ ಹಸಿರಾಗಿತ್ತು, ಆ ಸೋಮವಾರ ಮಾತ್ರ ಹೀಗೇಕೆ ಕೆಂಪಾಯಿತು ಎಂದು ಕೇಳಿದರು. ನೆಟ್‌ವರ್ಕ್ ಇರಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು; ಎಲ್ಲರೂ ಹಾಗೇ ಹೇಳುತ್ತಾರೆ. ಪಾರವ್ವ ಬದುಕಿ ಮನೆಗೆ ಹೋಗಿಯಾಗಿತ್ತು. ದಾಖಲೆಯಲ್ಲಿ ಎಂಬತ್ತನಾಲ್ಕು ಹಸಿರಾಗಿಯೇ ಇತ್ತು, ಕೇಳುವವರು ಯಾರೂ ಇರಲಿಲ್ಲ. ದಾಕ್ಷಾಯಣಿಯ ಗುತ್ತಿಗೆ ಮುಗಿಯಲು ಇದ್ದದ್ದು ಎರಡೇ ತಿಂಗಳು. ಅವಳ ಪಾದಗಳು ನನ್ನ ಮುಂದೆಯೇ ಇದ್ದವು, ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿದಿದ್ದವು.

"ಆ ದಿನದ ಕೆಂಪು ಖರೇ ಐತ್ರಿ ಸರ," ಎಂದಳು. "ಅದಕ್ಕಿಂತ ಹಿಂದಿನ ಹಸಿರಿನ್ಯಾಗ ಭಾಳಷ್ಟು ಸುಳ್ಳೈತಿ. ಮೊದಲನೇದ್ದು ಬಿಟ್ರ, ಎಂಬತ್ನಾಕು ಅಂತ ನಾ ಬರದದ್ದು ನಾಡಿ ಹಿಡದು ಅಲ್ಲರಿ."

ನಿಂಗವ್ವ ನನ್ನನ್ನು ದರದರ ಎಳೆದುಕೊಂಡು ಹೋಗಿ ಆ ಬೂಟುಗಳ ಹಿಂದೆ ಇಟ್ಟಳು. "ಕುಂದರ್ರಿ ಸಾಹೇಬ್ರ. ಒಂದು ತಾಸು ಕುಂತು ನೋಡ್ರಿ, ಆಮ್ಯಾಲೆ ಬರಕೊಳ್ರಿ."

ಸಾಹೇಬರು ಮೊದಲು ಅರ್ಧವೇ ಕೂತರು. ದಾಕ್ಷಾಯಣಿ ಒಂದನೆಯ ಮಂಚಕ್ಕೆ ಹೋದಳು, ಎರಡಕ್ಕೆ ಬಂದಳು, ಟ್ಯಾಬು ಕೂಗಿತು, ಹೆರಿಗೆ ಕೋಣೆಗೆ ಓಡಿದಳು, ಟ್ಯಾಬು ಮತ್ತೆ ಕೂಗಿತು. ಕಾಲು ತಾಸಿನಲ್ಲಿ ಅವರ ಬೂಟುಗಳ ಅಲುಗಾಟ ನಿಂತಿತು. ಆಮೇಲೆ ನಿಧಾನವಾಗಿ ಅವರ ಪೂರ್ತಿ ಭಾರ ನನ್ನ ಮೇಲೆ ಇಳಿಯಿತು. ತಾಸು ತುಂಬಿದ ಮೇಲೆಯೇ ಅವರು ಎದ್ದರು.

ಸರ್ಕಾರದ ಕೆಲಸ ದೇವರ ಕೆಲಸ ಎನ್ನುತ್ತಾರಲ್ಲ, ದೇವರಂತೆಯೇ ತಡ. ಮೊದಲು ಬಂದದ್ದು ದಾಕ್ಷಾಯಣಿಗೆ ಎಚ್ಚರಿಕೆಯ ಕಾಗದ. ಸುಳ್ಳು ಬರೆದದ್ದು ಹೌದಲ್ಲ, ಅವಳು ಸಹಿ ಹಾಕಿ ತೆಗೆದುಕೊಂಡಳು. ಕೆಲಸ ಮಾತ್ರ ಉಳಿಯಿತು. ನಾಲ್ಕು ತಿಂಗಳಿಗೆ ಇನ್ನೊಬ್ಬ ನರ್ಸು ಬಂದಳು. ಟ್ಯಾಬಿನಲ್ಲಿ 'ಹಿಂದಿನಂತೆಯೇ' ಗುಂಡಿ ಮಾಯವಾಯಿತು. ಕೈಯಿಂದ ನೋಡಿ ಚೀಟಿಯಲ್ಲಿ ಗುರುತು ಹಾಕಿಕೊಂಡು, ತಾಸಿನ ಕೊನೆಗೆ ಅದರಲ್ಲಿ ತುಂಬಿದರೂ ನಡೆಯುತ್ತದೆ ಎಂದಾಯಿತು. ಕೂರಬಾರದೆಂಬ ಕಾಗದವನ್ನು ಯಾರೂ ರದ್ದು ಮಾಡಲಿಲ್ಲ; ಅದನ್ನು ನಿಂಗವ್ವ ಎಲ್ಲಿಟ್ಟಳೋ, ಅದು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಟ್ಯಾಬು ಕೂಗಿದರೆ ದಾಕ್ಷಾಯಣಿ ಹೊಸ ಹುಡುಗಿಗೆ, "ನೋಡವಾ, ಕುಂದ್ರಾಕ ಕರಿಯಾಕತ್ತೈತಿ, ಹೋಗು," ಎನ್ನುತ್ತಾಳೆ. ಟ್ಯಾಬಿನ ಮೇಲೆ ನನಗೀಗ ಅಂಥ ಸಿಟ್ಟಿಲ್ಲ. ಪಾಪ, ಅದು ನೆನಪು ಮಾಡಬಲ್ಲದು, ನೋಡಲಾರದು.

ನನಗೂ ವಯಸ್ಸಾಯಿತು. ಒಂದು ಕಾಲಿನ ಸಂದು ಸಡಿಲಾಗಿದೆ, ಕಾಳಪ್ಪನ ಮಗ ಬಂದು ಬೆಣೆ ಹೊಡೆದು ಹೋಗಿದ್ದಾನೆ. ಹಲಗೆ ನಡುವೆ ಸವೆದು ತಗ್ಗಾಗಿದೆ. ಇನ್ನೆಷ್ಟು ದಿನವೋ ಗೊತ್ತಿಲ್ಲ. ಒಲೆಗೆ ಹೋದರೂ ಚಿಂತೆಯಿಲ್ಲ, ಜಾಲಿ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ.

ಮೊನ್ನೆ ಗುರುವಾರ ಲಸಿಕೆಯ ದಿನ. ಒಬ್ಬ ಹೆಂಗಸು ಒಂದೂವರೆ ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ವಾರ್ಡಿನೊಳಗೆ ಇಣುಕಿದಳು. ದಾಕ್ಷಾಯಣಿಗೆ ತಕ್ಷಣ ಗುರುತು ಸಿಕ್ಕಿತು. ನನ್ನನ್ನು ಎಳೆದು ಕೊಟ್ಟು, ಕೂಸನ್ನು ತಾನು ಎತ್ತಿಕೊಂಡಳು. ಪಾರವ್ವ ಉಸ್ಸೆಂದು ನನ್ನ ಮೇಲೆ ಕೂತಳು. ಉಂಡು ತಿಂದು ಹೊಲ ಮಾಡುವ ಮೈ, ಒಳ್ಳೆಯ ಗಟ್ಟಿ ತೂಕ. ಸಡಿಲು ಕಾಲು ಕಿರ್ರ್ ಎಂದಿತು. ಮುರಿದರೆ ಮುರಿಯಲಿ ಎಂದು ಬಿಗಿಹಿಡಿದು ನಿಂತೆ.