ಹೊದಿಸಿದ ಹುಲ್ಲು

ಹುಲ್ಲು ಕೀಳುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದು ಮೆರೆದವಳು ನಾನು, ಸುರಪುರ ಕಡೆಯ ಹೊಳೆವ್ವ. ಮೆರೆದದ್ದಕ್ಕೆ ಸರಿಯಾಗಿಯೇ ಆಯಿತು.

ಸಿಂಗಸಂದ್ರದ ಹಿಂದಿನ ರಾಜಕಾಲುವೆಯ ಹೂಳೆತ್ತಿ, ದಂಡೆಗೆ ಹೊಸ ಮಣ್ಣು ಹಾಕಿದ್ದು ೨೦೧೩ರ ಬೇಸಿಗೆಯಲ್ಲಿ. ಪಾಲಿಕೆಯ ಸಾಹೇಬರಿಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸುವ ಅವಸರ. ಎದುರಿನ ಅಪಾರ್ಟ್‌ಮೆಂಟಿನ ದಿವ್ಯಾ ಮೇಡಂ ಕಚೇರಿಗೆ ಅಲೆದು ಅಲೆದು ದಸರೆಯ ತನಕ ಗಡುವು ತಂದರು. ಅಷ್ಟರೊಳಗೆ ಮೇಡಂ ಕೂಲಿಗೆ ಕರೆದ ನಾವು ನೆಟ್ಟ ಹೊಂಗೆ, ಅತ್ತಿ, ಲಕ್ಕಿ ಸಸಿಗಳು ಬೇರು ಹಿಡಿದರೆ ಮಣ್ಣಿನ ದಂಡೆ ಉಳಿಯುತ್ತದೆ. ಇಲ್ಲದಿದ್ದರೆ ಗೋಡೆ.

ನನಗೂ ಅದು ಉಳಿಯಬೇಕಿತ್ತು. ಈ ಊರಿನಲ್ಲಿ ಎಂಟು ವರ್ಷ ಸಿಮೆಂಟು ಹೊತ್ತವಳಿಗೆ ಮೊದಲ ಸಲ ಮಣ್ಣು ಕೈಗೆ ಸಿಕ್ಕಿತ್ತು.

ದಂಡೆಯ ಕೆಳಗೆ ನೀರಂಚಿನ ತುಂಬ ಹೊರದೇಶದಿಂದ ಬಂದ ನೀರುಹುಲ್ಲು, ಆಳೆತ್ತರ. ಅದನ್ನು ಕಿತ್ತೆವು.

"ಹೊಳೆವ್ವಾ, ಒಂದು ಕಡ್ಡೀನೂ ಇಲ್ಲಿ ಬಿಡ್ಬೇಡಿ, ಚೀಲಕ್ಕೆ ತುಂಬಿ ಲಾರಿಗೆ ಹಾಕ್ಸಿ," ಎಂದರು ಮೇಡಂ.

"ನೀವು ಕಂಪ್ಯೂಟರ್ ನೋಡ್ರಿ ಮೇಡಂ, ಮಣ್ಣಿಂದು ನನಗ ಬಿಡ್ರಿ," ಎಂದೆ.

ಮೇಡಂ ಆಫೀಸಿಗೆ ಹೋದರು. ಲಾರಿ ಬರಲಿಲ್ಲ. ಬಿಸಿಲಿಗೆ ಸಸಿಗಳು ತಲೆ ಬಾಗಿಸಿದ್ದವು. ನಮ್ಮ ಕಡೆ ಕಿತ್ತ ಹುಲ್ಲನ್ನು ಸಸಿಯ ಬುಡಕ್ಕೆ ಹೊದಿಸುತ್ತೇವೆ; ಮೂರು ದಿನದಲ್ಲಿ ಹಪ್ಪಳದಂತೆ ಒಣಗಿ, ತೇವ ಹಿಡಿದಿಡುತ್ತದೆ. ಹಾಗೆಯೇ ಒಂದೊಂದಕ್ಕೂ ಹೊದಿಸಿದೆ, ಕೂಸಿಗೆ ಕೌದಿ ಹೊದಿಸಿದ ಹಾಗೆ.

ಅದು ಒಣಗುವ ಜಾತಿಯಲ್ಲ. ಮಳೆ ಬಿತ್ತು, ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿತು. ಕಿತ್ತರೆ ತುಂಡಾಗುತ್ತಿತ್ತು, ತುಂಡು ಮತ್ತೆ ಚಿಗುರುತ್ತಿತ್ತು. ಬೆರಳು ಸೀಳುವವರೆಗೆ ಕಿತ್ತೆ. ದಸರೆಗೆ ಒಂದು ಸಸಿಯೂ ಕಣ್ಣಿಗೆ ಕಾಣಲಿಲ್ಲ.

"ಈ ಸಲ ಮಳೆ ಜಾಸ್ತಿ ಸಾರ್, ಹುಲ್ಲು ತೇಲ್ಕೊಂಡು ಬಂದ್ಬಿಡ್ತು," ಎಂದು ಮೇಡಂ ಸಾಹೇಬರೆದುರು ಕೈ ಹಿಸುಕಿಕೊಂಡರು. ಸಾಹೇಬರು ಜೀಪು ಹತ್ತಿದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪನ್ನು ಮಳೆಯ ಮೇಲೆ ಹಾಕಲು ನನಗೆ ಬಾಯಿ ಬರಲಿಲ್ಲ.

"ಮೇಡಂ, ಹುಲ್ಲು ಹೊದಿಸಿದಾಕಿ ನಾನ ರೀ."

"ಗೊತ್ತು. ಜುಲೈನಲ್ಲೇ ನೋಡ್ದೆ."

"ಬೈಬೇಕಿಲ್ಲೇನ್ರೀ ಮತ್ತ!"

"ಬೈದಿದ್ರೆ ನೀವು ಬಿಟ್ಟು ಹೋಗ್ತಿದ್ರಿ ಹೊಳೆವ್ವಾ. ಆಮೇಲೆ ಕೀಳೋರು ಯಾರಿದ್ರು?"

ಎರಡು ಏಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹಬ್ಬ ಮುಗಿದ ವಾರ ಗೋಡೆಯ ಕೆಲಸ ಶುರುವಾಯಿತು. ಆಳು ಬೇಕೆಂದರು, ಹೋದೆ, ಹೊಟ್ಟೆ ಕೇಳಬೇಕಲ್ಲ. ಪಾಯದ ಅಂಚಿನಲ್ಲಿ ಕಾಂಕ್ರೀಟಿನ ಬಾಂಡ್ಲಿ ಹೊತ್ತು ನಿಂತಾಗ, ಕೆಳಗೆ ಹುಲ್ಲಿನ ನಡುವೆ ಗೇಣುದ್ದದ ಅತ್ತಿ ಸಸಿಯೊಂದು ಕಂಡಿತು. ಎರಡು ಹೊಸ ಎಲೆ ಬಿಟ್ಟಿತ್ತು. ಅಯ್ಯೋ ನನ್ನವ್ವಾ, ಬದುಕಿತ್ತು.

"ಒಂದ್ ಗಳಿಗಿ ತಡಿಯಣ್ಣಾ, ಕಿತ್ಕೊಂತೀನಿ," ಎಂದೆ ಗಾರೆಯವನಿಗೆ.

"ಕಿತ್ತು ಎಲ್ಲಿ ನೆಡ್ತೀಯಕ್ಕಾ? ಮಾಲು ಗಟ್ಟಿ ಆಗ್ತೈತೆ, ಸುರಿ."

ಎಲ್ಲಿ ನೆಡಲಿ? ನಾನಿರುವುದು ಬಾಡಿಗೆಯ ತಗಡಿನ ಕೋಣೆ, ಬಾಗಿಲು ದಾಟಿದರೆ ಡಾಂಬರು. ಹಿಂದೆ ನಾಲ್ಕು ಜನ ಬಾಂಡ್ಲಿ ಹೊತ್ತು ನಿಂತಿದ್ದರು.

ಸುರಿದೆ.